ಫೇಸ್ ಒನ್ ವರದಿ ನೆಲಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ

(ಅಮೆರಿಕದಲ್ಲಿ ವಾಣಿಜ್ಯ ಆಸ್ತಿ ಕೊಳ್ಳಲು ಹೊರಟ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

"ಫೇಸ್ ಒನ್ ಆಯಿತು, ಏನೂ ಇಲ್ಲವಂತೆ." ಗ್ಯಾಸ್ ಸ್ಟೇಷನ್ನೋ, ಮೋಟೆಲ್ಲೋ, ನಾಲ್ಕಾರು ಅಂಗಡಿಗಳ ಸಣ್ಣ ಪ್ಲಾಜಾವೋ ಕೊಳ್ಳಲು ಹೊರಟವರ ಬಾಯಲ್ಲಿ ಈ ಮಾತನ್ನು ಕೇಳುತ್ತಲೇ ಇರುತ್ತೇನೆ. ಫೇಸ್ ಒನ್ ಎಂದರೆ ಕೊಳ್ಳುವ ಜಾಗದಲ್ಲಿ ಮಾಲಿನ್ಯದ ಸಂಭವವಿದೆಯೇ ಎಂದು ನೋಡುವ ಪರಿಸರ ಪರಿಶೀಲನೆಯ ಮೊದಲ ಹಂತ. ರಕ್ತಪರೀಕ್ಷೆಯ ಫಲಿತಾಂಶ ಬಂದು ಎಲ್ಲವೂ ಸರಿಯಿದೆ ಎಂದು ತಿಳಿದವರ ನೆಮ್ಮದಿ ಆ ದನಿಯಲ್ಲಿರುತ್ತದೆ. ಆದರೆ ಫೇಸ್ ಒನ್‌ನಲ್ಲಿ ಯಾರೂ ಒಂದು ಚಮಚ ಮಣ್ಣನ್ನೂ ತೆಗೆದಿರುವುದಿಲ್ಲ, ಒಂದು ಹನಿ ನೀರನ್ನೂ ಪ್ರಯೋಗಾಲಯಕ್ಕೆ ಕಳುಹಿಸಿರುವುದಿಲ್ಲ. ಹಳೆಯ ದಾಖಲೆಗಳ ಓದು, ಗೊತ್ತಿರುವವರೊಡನೆ ಮಾತು, ಜಾಗದ ಸುತ್ತ ಒಂದು ನಡಿಗೆ, ಇವಿಷ್ಟರಿಂದ ಒಬ್ಬ ವೃತ್ತಿಪರ ತಲುಪಿದ ಅಭಿಪ್ರಾಯ ಅದು. ನೆಲ ಶುದ್ಧವಾಗಿದೆ ಎಂದು ಅದು ಹೇಳುವುದಿಲ್ಲ. ಕೊಳ್ಳುವ ಮುನ್ನ ಕೇಳಬೇಕಾದದ್ದನ್ನು ನೀವು ಕೇಳಿದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಆ ಸಾಕ್ಷಿಗೆ ಅವಧಿಯೂ ಇದೆ, ಷರತ್ತುಗಳೂ ಇವೆ. ಈ ಹೊತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಅವಧಿಯ ಬಗ್ಗೆ, ಆ ಷರತ್ತುಗಳ ಬಗ್ಗೆ.

ಇಂಥ ಸಾಕ್ಷಿ ಯಾಕೆ ಬೇಕಾಯಿತು? ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಿನಲ್ಲಿ ಹೂಕರ್ ಕೆಮಿಕಲ್ ಎಂಬ ಕಂಪನಿ, ಪಾಳುಬಿದ್ದಿದ್ದ ಒಂದು ಕಾಲುವೆಯಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯವನ್ನು ಹೂತಿತ್ತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಕೆಳಗೆ ರಾಸಾಯನಿಕಗಳಿವೆ, ಮುಂದೇನಾದರೂ ಆದರೆ ನಾವು ಹೊಣೆಯಲ್ಲ ಎಂಬ ಷರತ್ತು ಕ್ರಯಪತ್ರದಲ್ಲೇ ಇತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರ ಹೊತ್ತಿಗೆ ನೆಲಮಾಳಿಗೆಗಳಿಗೆ ರಸ ಒಸರತೊಡಗಿ, ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಬೇಕಾಯಿತು. ಅದೇ ಲವ್ ಕೆನಾಲ್. 1980ರ ಡಿಸೆಂಬರ್ 11ರಂದು ಸಹಿಯಾದ ಸೂಪರ್‌ಫಂಡ್ ಕಾಯಿದೆ, ಅಂದರೆ ಸರ್ಕ್ಲಾ, ಹುಟ್ಟಿದ್ದು ಆ ಗದ್ದಲದಿಂದ.

ಈ ಕಾಯಿದೆಯ ಹೊಣೆಗಾರಿಕೆ ಬಹಳ ಕಟು. ತಪ್ಪು ಯಾರದು ಎಂದು ಅದು ಕೇಳುವುದಿಲ್ಲ. ಈಗಿನ ಮಾಲೀಕ, ತ್ಯಾಜ್ಯ ಸುರಿದ ಕಾಲದ ಮಾಲೀಕ, ಸುರಿಯಲು ಏರ್ಪಾಡು ಮಾಡಿದವನು, ಜಾಗ ಆರಿಸಿ ಸಾಗಿಸಿದವನು, ಎಲ್ಲರೂ ಹೊಣೆಗಾರರು. ಹಾನಿಯನ್ನು ಪಾಲು ಮಾಡಲು ಬಾರದಿದ್ದರೆ ಪೂರ್ತಿ ವೆಚ್ಚವನ್ನು ಒಬ್ಬರಿಂದಲೇ ವಸೂಲು ಮಾಡಬಹುದು. ಕಾಯಿದೆ ಬರುವ ಮುಂಚೆ ನಡೆದದ್ದಕ್ಕೂ ಇದು ಅನ್ವಯಿಸುತ್ತದೆ.

"ನಾನು ಏನೂ ಸುರಿದಿಲ್ಲವಲ್ಲ, ನನಗೇಕೆ?" ಎಂದು ಮನಸ್ಸಿನಲ್ಲೇ ಕೇಳುತ್ತಿರುವವರಿಗೆ ಶೋರ್ ರಿಯಾಲ್ಟಿ ಮೊಕದ್ದಮೆ ಉತ್ತರ ಕೊಡುತ್ತದೆ. ಲಾಂಗ್ ಐಲೆಂಡಿನ ಗ್ಲೆನ್‌ವುಡ್ ಲ್ಯಾಂಡಿಂಗ್ ಎಂಬಲ್ಲಿ ಮನೆಗಳನ್ನು ಕಟ್ಟುವ ಉದ್ದೇಶದಿಂದ ಈ ಕಂಪನಿ 1983ರಲ್ಲಿ ಒಂದು ಜಾಗ ಕೊಂಡಿತು. ಅಲ್ಲಿ ಸುಮಾರು 7 ಲಕ್ಷ ಗ್ಯಾಲನ್ ಅಪಾಯಕಾರಿ ತ್ಯಾಜ್ಯ ಸಂಗ್ರಹವಾಗಿತ್ತು. ಅದನ್ನು ತಂದಿಟ್ಟದ್ದು ಬೇರೆಯವರು. ಕೊಳ್ಳುವ ಮೊದಲೇ ಕಂಪನಿ ಸಲಹೆಗಾರರಿಂದ ವರದಿ ತರಿಸಿಕೊಂಡಿತ್ತು, ಪರಿಸ್ಥಿತಿ ಕೆಟ್ಟಿದೆ ಎಂದು ಅದರಲ್ಲಿ ಬರೆದೂ ಇತ್ತು. ಎರಡನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಹೇಳಿದ್ದು ಇಷ್ಟು: ಈಗಿನ ಮಾಲೀಕ ನೀನು, ಆದ್ದರಿಂದ ಹೊಣೆ ನಿನ್ನದು. ಕ್ರಯಪತ್ರಕ್ಕೆ ಸಹಿ ಹಾಕಿದ ದಿನವೇ ಹಿಂದಿನವರ ಪಾಪವೆಲ್ಲ ಕೊಂಡವನ ತಲೆಗೆ ಬಂದಿತ್ತು.

ಇದರಿಂದ ಪಾರಾಗುವ ಕಿಂಡಿಗಳನ್ನು ಸಂಸತ್ತು ಒಂದೊಂದಾಗಿ ತೆರೆಯಿತು. 1986ರ ತಿದ್ದುಪಡಿ ನಿರಪರಾಧಿ ಭೂಮಾಲೀಕನಿಗೆ ರಕ್ಷಣೆ ಕೊಟ್ಟಿತು. ಕೊಳ್ಳುವ ಮುನ್ನ ತಕ್ಕ ವಿಚಾರಣೆ ಮಾಡಿದ್ದೂ ಮಾಲಿನ್ಯದ ಸುಳಿವು ಸಿಕ್ಕಿರಲಿಲ್ಲ ಎಂದು ತೋರಿಸಿದವರು ಬಚಾವು. 2002ರ ಬ್ರೌನ್‌ಫೀಲ್ಡ್ (ಮಾಲಿನ್ಯದ ಶಂಕೆಯಿರುವ ಹಳೆಯ ಜಾಗಗಳ) ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾಲಿನ್ಯ ಇದೆ ಎಂದು ಗೊತ್ತಿದ್ದೇ ಕೊಂಡರೂ, ಪ್ರಾಮಾಣಿಕ ಖರೀದಿದಾರ ಎಂಬ ರಕ್ಷಣೆ ಪಡೆಯಬಹುದು ಎಂದಿತು. 2002ರ ಜನವರಿ 11ರ ನಂತರದ ಖರೀದಿಗಳಿಗೆ ಇದು ಅನ್ವಯ. ಪಕ್ಕದ ಜಾಗದಿಂದ ಹರಿದು ಬಂದ ಮಾಲಿನ್ಯಕ್ಕೆ ಸಿಲುಕಿದ ನೆರೆಯವರಿಗೂ ಬೇರೆ ಒಂದು ರಕ್ಷಣೆ ಬಂತು. ಮೂರಕ್ಕೂ ಹೊಸ್ತಿಲು ಒಂದೇ: ಖರೀದಿಗೆ ಮುನ್ನ "ಆಲ್ ಅಪ್ರೋಪ್ರಿಯೇಟ್ ಇನ್‌ಕ್ವೈರೀಸ್", ಅಂದರೆ ತಕ್ಕ ಎಲ್ಲ ವಿಚಾರಣೆಗಳು, ಮುಗಿದಿರಬೇಕು. ನಮ್ಮ ವೃತ್ತಿಯವರು ಇದನ್ನು ಎಎಐ ಎನ್ನುತ್ತೇವೆ. ಖರೀದಿಯ ಮಾರನೆಯ ದಿನ ಮಾಡಿಸಿದ ಎಎಐ, ಎಷ್ಟೇ ಸೊಗಸಾಗಿದ್ದರೂ, ಈ ರಕ್ಷಣೆಗೆ ಕೆಲಸಕ್ಕೆ ಬಾರದು.

ಈ ವಿಚಾರಣೆ ಹೇಗಿರಬೇಕು ಎಂದು ಒಕ್ಕೂಟದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ನಿಯಮ ಮಾಡಿದೆ. ಅದು 2006ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಪಾಲಿಸುವ ಸಾಮಾನ್ಯ ಮಾರ್ಗವೆಂದರೆ ಮಾನದಂಡಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಇ1527 ಮಾನದಂಡ. ಫೇಸ್ ಒನ್ ಎನ್ನುವುದು ಇದರ ಪ್ರಕಾರ ನಡೆಸಿದ ಪರಿಶೀಲನೆಯನ್ನೇ. ಈಗ ನಡೆಯುತ್ತಿರುವುದು 2021ರ ಆವೃತ್ತಿ. ಇಪಿಎ ಅದನ್ನು 2023ರ ಫೆಬ್ರವರಿ 13ರಿಂದ ಒಪ್ಪಿಕೊಂಡಿತು, ಒಂದು ವರ್ಷದ ನಂತರ 2013ರ ಆವೃತ್ತಿಯ ಉಲ್ಲೇಖವನ್ನು ನಿಯಮದಿಂದ ತೆಗೆದುಹಾಕಿತು. ನಿಮ್ಮ ಕೈಗೆ ಬಂದ ವರದಿಯ ಮೊದಲ ಪುಟಗಳಲ್ಲಿ "ಇ1527-21" ಎಂದು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.

ಇನ್ನು ದಿನಾಂಕಗಳ ವಿಷಯ. ಇದೊಂದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ವಿಚಾರಣೆ ಖರೀದಿಗೆ ಹಿಂದಿನ ಒಂದು ವರ್ಷದೊಳಗೆ ನಡೆದಿರಬೇಕು. ಅದರಲ್ಲಿ ಐದು ಅಂಗಗಳು ಮಾತ್ರ 180 ದಿನಗಳೊಳಗಿನವಾಗಿರಬೇಕು: ಮಾಲೀಕರು ಮೊದಲಾದವರ ಸಂದರ್ಶನ, ಪರಿಸರ ಋಣಭಾರಗಳ (ಶುದ್ಧೀಕರಣದ ಬಾಕಿಗಾಗಿ ಆಸ್ತಿಯ ಮೇಲಿರುವ ಹಕ್ಕುಗಳ) ಶೋಧ, ಸರ್ಕಾರಿ ದಾಖಲೆಗಳ ಪರಿಶೀಲನೆ, ಜಾಗದ ಭೇಟಿ ಮತ್ತು ವೃತ್ತಿಪರನ ಸಹಿಯುಳ್ಳ ಘೋಷಣೆ. ಎಣಿಕೆ ಶುರುವಾಗುವುದು ವರದಿಯ ಮುಖಪುಟದ ದಿನಾಂಕದಿಂದ ಅಲ್ಲ. ಈ ಐದರಲ್ಲಿ ಯಾವುದು ಮೊದಲು ಆಯಿತೋ ಅಲ್ಲಿಂದ. ಸಂದರ್ಶನ ಜನವರಿ 10ಕ್ಕೆ ಮುಗಿದು, ವರದಿ ಫೆಬ್ರವರಿ 5ಕ್ಕೆ ಕೈಸೇರಿತು ಎನ್ನಿ. ಬ್ಯಾಂಕಿನ ಕಾಗದಪತ್ರ ಎಳೆದಾಡಿ ಕ್ಲೋಸಿಂಗ್, ಅಂದರೆ ಕ್ರಯ ಪೂರ್ಣವಾಗುವುದು, ಜುಲೈ 20ಕ್ಕೆ ಹೋಯಿತು. ಮುಖಪುಟದಿಂದ ಎಣಿಸಿದರೆ 165 ದಿನ, ನಿಶ್ಚಿಂತೆ. ಸಂದರ್ಶನದಿಂದ ಎಣಿಸಿದರೆ ಗಡುವು ಜುಲೈ 9ಕ್ಕೇ ಮುಗಿದಿದೆ. 2021ರ ಆವೃತ್ತಿ ಪ್ರತಿ ಅಂಗದ ದಿನಾಂಕವನ್ನೂ ವರದಿಯಲ್ಲಿ ನಮೂದಿಸಲೇಬೇಕು ಎಂದಿರುವುದು ಈ ಗೊಂದಲ ತಪ್ಪಿಸಲು. ಗಡುವು ಮೀರುತ್ತಿದ್ದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕಿಲ್ಲ, ಹಳತಾದ ಅಂಗಗಳನ್ನು ನವೀಕರಿಸಿದರೆ ಸಾಕು. ಒಂದು ವರ್ಷ ದಾಟಿದ ವರದಿಯ ಮಾತು ಬೇರೆ. ಅದರಲ್ಲಿನ ಮಾಹಿತಿಯನ್ನು ಹೊಸ ವರದಿಗೆ ಬಳಸಿಕೊಳ್ಳಬಹುದು, ಆದರೆ ಅದನ್ನೇ ಎಎಐ ಎಂದು ಮುಂದಿಡಲಾಗದು.

ಯಾರು ಮಾಡಬಹುದು ಎಂಬುದಕ್ಕೂ ನಿಯಮವಿದೆ. ಎಂಜಿನಿಯರ್ ಅಥವಾ ಭೂವಿಜ್ಞಾನಿಯ ವೃತ್ತಿ ಪರವಾನಗಿಯೊಂದಿಗೆ ಸಂಬಂಧಪಟ್ಟ ಕೆಲಸದಲ್ಲಿ 3 ವರ್ಷದ ಅನುಭವ, ಇಲ್ಲವೇ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯೊಂದಿಗೆ 5 ವರ್ಷ, ಪದವಿಯಿಲ್ಲದಿದ್ದರೆ 10 ವರ್ಷ. ಇಂಥ ಕೆಲಸಕ್ಕೆಂದೇ ಸರ್ಕಾರ ಪರವಾನಗಿ ಕೊಟ್ಟವರಿಗೂ 3 ವರ್ಷದ ಅನುಭವ ಸಾಕು. ಜಾಗಕ್ಕೆ ಕಿರಿಯರು ಬಂದರೂ ತೊಂದರೆಯಿಲ್ಲ, ಅರ್ಹ ವೃತ್ತಿಪರ ಕೆಲಸದ ಮೇಲ್ವಿಚಾರಣೆ ನಡೆಸಿ ಸಹಿ ಹಾಕಬೇಕು.

ಈಗ ಬ್ಯಾಂಕಿನ ಮಾತು. "ಬ್ಯಾಂಕಿನವರೇ ಮಾಡಿಸಿದ್ದಾರೆ, ನನಗೆ ಮತ್ತೊಂದು ಯಾಕೆ?" ಎಂಬ ಪ್ರಶ್ನೆ ಸಹಜ. ಬ್ಯಾಂಕಿನ ಹೆದರಿಕೆಯೇ ಬೇರೆ, ನಿಮ್ಮದೇ ಬೇರೆ. ಆಸ್ತಿಯ ಆಡಳಿತಕ್ಕೆ ಕೈಹಾಕದ ಸಾಲದಾತರಿಗೆ ಸೂಪರ್‌ಫಂಡ್ ಹೊಣೆಯಿಲ್ಲ ಎಂದು 1996ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆ ವಿನಾಯಿತಿಗೆ ಅವರು ಎಎಐ ಮಾಡಿಸಬೇಕೆಂದೇನೂ ಇಲ್ಲ. ಅವರಿಗೆ ಬೇಕಾದದ್ದು ಅಡಮಾನದ ಬೆಲೆ ಕುಸಿಯದಿರುವುದು. ಹಾಗಾಗಿ ಸಣ್ಣ ಸಾಲಗಳಿಗೆ ಕೆಲವು ಬ್ಯಾಂಕುಗಳು ದತ್ತಾಂಶ ಹುಡುಕಾಟದ ಒಂದು ಚುಟುಕು ವರದಿಗೆ, ಇಲ್ಲವೇ ಟ್ರಾನ್ಸಾಕ್ಷನ್ ಸ್ಕ್ರೀನ್ ಎಂಬ ಕಿರು ಪರಿಶೀಲನೆಗೆ ತೃಪ್ತಿಪಡುತ್ತವೆ. ಅದು ಬ್ಯಾಂಕಿಗೆ ಸಾಕು. ನಿಮ್ಮ ರಕ್ಷಣೆಗೆ ಅದು ಎಎಐ ಆಗುವುದಿಲ್ಲ. ಪೂರ್ಣ ಫೇಸ್ ಒನ್ ಮಾಡಿಸಿದ್ದರೂ ಅದರಲ್ಲಿ "ಬಳಕೆದಾರ" ಎಂದು ಯಾರ ಹೆಸರಿದೆ ನೋಡಿ. ಬ್ಯಾಂಕಿನ ಹೆಸರೊಂದೇ ಇದ್ದರೆ ನಿಮ್ಮ ಹೆಸರನ್ನೂ, ನಿಮ್ಮ ಕಂಪನಿಯ ಹೆಸರಿನಲ್ಲಿ ಕೊಳ್ಳುತ್ತಿದ್ದರೆ ಆ ಕಂಪನಿಯ ಹೆಸರನ್ನೂ ಸೇರಿಸಲು ಹೇಳಿ. ಸಣ್ಣ ಉದ್ದಿಮೆಗಳಿಗೆ ನೆರವಾಗುವ ಒಕ್ಕೂಟ ಸರ್ಕಾರದ ಸಂಸ್ಥೆಯಾದ ಎಸ್‌ಬಿಎಯ ಗ್ಯಾರಂಟಿಯ ಸಾಲವಾದರೆ ಅವರದೇ ಇನ್ನೊಂದು ನಿಯಮಾವಳಿ ಇದೆ. ಪರಿಸರದ ದೃಷ್ಟಿಯಿಂದ ಸೂಕ್ಷ್ಮವೆಂದು ಅವರು ಪಟ್ಟಿ ಮಾಡಿರುವ ಉದ್ದಿಮೆಗಳಲ್ಲಿ ನಮ್ಮವರು ಹೆಚ್ಚಾಗಿ ಕೊಳ್ಳುವ ಗ್ಯಾಸ್ ಸ್ಟೇಷನ್ ಮತ್ತು ಡ್ರೈಕ್ಲೀನಿಂಗ್ ಎರಡೂ ಸೇರಿವೆ.

ಹೆಸರು ಸೇರಿಸಿದ ಮಾತ್ರಕ್ಕೆ ಮುಗಿಯಿತೇ? ಇಲ್ಲ. ಬಳಕೆದಾರನಾಗಿ ನೀವು ಉತ್ತರಿಸಬೇಕಾದ ಪ್ರಶ್ನೆಗಳಿವೆ. ಅದೊಂದು ಪ್ರಶ್ನಾವಳಿ, ಒಂದೆರಡು ಪುಟದ್ದು. ನಮ್ಮಲ್ಲಿಗೆ ಬರುವಾಗ ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ "ಇಲ್ಲ, ಇಲ್ಲ, ಗೊತ್ತಿಲ್ಲ" ಎಂದು ತುಂಬಿರುತ್ತದೆ. ಎಷ್ಟೋ ಸಲ ಮಧ್ಯವರ್ತಿಯ ಸಹಾಯಕಿಯೇ ತುಂಬಿ ಕಳುಹಿಸಿರುತ್ತಾಳೆ. ಅಲ್ಲಿ ಕೇಳುವುದು ಏನು? ಆಸ್ತಿಯ ಮೇಲೆ ಪರಿಸರ ಶುದ್ಧೀಕರಣದ ಬಾಕಿಗಾಗಿ ಋಣಭಾರವಿದೆಯೇ, ಬಳಕೆಗೆ ನಿರ್ಬಂಧಗಳಿವೆಯೇ. ಈ ಬಗೆಯ ಉದ್ದಿಮೆಯ ವಿಶೇಷ ತಿಳಿವಳಿಕೆ ನಿಮಗಿದೆಯೇ. ಆ ಜಾಗದ ಬಗ್ಗೆ ಊರಿಗೆಲ್ಲ ಗೊತ್ತಿರುವ ಸಂಗತಿ ಏನಾದರೂ ಇದೆಯೇ. ಮಾಲಿನ್ಯದ ಎದ್ದುಕಾಣುವ ಕುರುಹುಗಳಿವೆಯೇ. ಇವೆಲ್ಲಕ್ಕಿಂತ ಚುರುಕಾದ ಪ್ರಶ್ನೆ ಇನ್ನೊಂದಿದೆ: ನೀವು ಕೊಡುತ್ತಿರುವ ಬೆಲೆ ಮಾರುಕಟ್ಟೆ ಬೆಲೆಗಿಂತ ಕಡಿಮೆಯೇ, ಕಡಿಮೆಯಾದರೆ ಕಾರಣ ಮಾಲಿನ್ಯವೇ? "ಒಳ್ಳೆ ಅಗ್ಗಕ್ಕೆ ಸಿಕ್ಕಿತು" ಎಂದು ಗೆಳೆಯರ ಬಳಿ ಬೀಗಿ, ಪ್ರಶ್ನಾವಳಿಯಲ್ಲಿ "ಬೆಲೆ ಸಮಂಜಸ" ಎಂದು ಗೀಚಿದ್ದರೆ, ಮುಂದೊಂದು ದಿನ ಎದುರು ಪಕ್ಷದ ವಕೀಲ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುತ್ತಾನೆ. ಹತ್ತು ವರ್ಷ ಡ್ರೈಕ್ಲೀನಿಂಗ್ ನಡೆಸಿದವರು ಇನ್ನೊಂದು ಡ್ರೈಕ್ಲೀನಿಂಗ್ ಅಂಗಡಿ ಕೊಳ್ಳುವಾಗ "ನನಗೇನೂ ಗೊತ್ತಿರಲಿಲ್ಲ" ಎಂದರೆ ಯಾರೂ ನಂಬುವುದಿಲ್ಲ.

ಇಷ್ಟು ಕಾನೂನು ಸಾಕು. ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ: ನಾವು ಹುಡುಕುವುದು ಏನನ್ನು, ಹೇಗೆ?

ಸರ್ಕಾರಿ ದತ್ತಾಂಶಗಳು ಸುಲಭ. ಸೂಪರ್‌ಫಂಡ್ ಆದ್ಯತಾ ಪಟ್ಟಿಯ ಜಾಗಗಳಿಗೆ ಒಂದು ಮೈಲಿ, ಸೋರಿದ ಭೂಗತ ಟ್ಯಾಂಕುಗಳಿಗೆ ಅರ್ಧ ಮೈಲಿ, ನೋಂದಾಯಿತ ಟ್ಯಾಂಕುಗಳಿಗೆ ಈ ಜಾಗ ಮತ್ತು ಅದಕ್ಕೆ ತಾಗಿದ ಜಾಗಗಳು, ಹೀಗೆ ಒಂದೊಂದು ಪಟ್ಟಿಗೆ ಜಾಗದ ಸುತ್ತ ಎಷ್ಟು ದೂರ ಹುಡುಕಬೇಕು ಎಂಬ ಲೆಕ್ಕವಿದೆ. ದತ್ತಾಂಶ ಮಾರುವ ಕಂಪನಿಗಳು ನೂರಾರು ಪುಟ ಮುದ್ರಿಸಿ ಕೊಡುತ್ತವೆ. ವರದಿ ದಪ್ಪವಾಗುವುದು ಇದರಿಂದಲೇ. ಆದರೆ ದತ್ತಾಂಶದ ಮೌನವನ್ನು ನಂಬಬಾರದು. ಭೂಗತ ಟ್ಯಾಂಕುಗಳನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಒಕ್ಕೂಟದ ಕಾನೂನು ಬಂದದ್ದು 1984ರಲ್ಲಿ. 1974ರ ಜನವರಿ 1ಕ್ಕೆ ಮೊದಲೇ ಬಳಕೆ ನಿಲ್ಲಿಸಿದ್ದ ಟ್ಯಾಂಕುಗಳಿಗೆ ಅದು ಅನ್ವಯಿಸಲಿಲ್ಲ. ಅಂದರೆ 1930ರಿಂದ 1970ರವರೆಗೆ ನಡೆದು ಮುಚ್ಚಿಹೋದ ಗ್ಯಾಸ್ ಸ್ಟೇಷನ್ ಪಟ್ಟಿಯಲ್ಲಿ ಇರದಿದ್ದರೆ ಅಚ್ಚರಿಯೇನಿಲ್ಲ. ಪಟ್ಟಿಯಲ್ಲಿಲ್ಲ ಎಂದು ಟ್ಯಾಂಕು ನೆಲದಿಂದ ಎದ್ದುಹೋಗುವುದಿಲ್ಲ.

ಅದಕ್ಕೇ ಇತಿಹಾಸದ ಶೋಧ. ಸ್ಯಾನ್‌ಬೋರ್ನ್ ಎಂಬ ಕಂಪನಿ 1867ರಿಂದ ಬೆಂಕಿ ವಿಮೆಗಾಗಿ ಅಮೆರಿಕದ ಊರುಗಳ ನಕ್ಷೆಗಳನ್ನು ಬಿಡಿಸುತ್ತಾ ಬಂದಿತ್ತು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಕಲ್ಲಿನದ್ದಕ್ಕೆ ನೀಲಿ. ಬೆಂಕಿ ಹೊತ್ತಿಕೊಳ್ಳುವ ವಸ್ತು ಎಲ್ಲಿದೆ ಎಂಬುದು ವಿಮೆಯವರಿಗೆ ಬೇಕಿತ್ತು, ಆದ್ದರಿಂದ ಪೆಟ್ರೋಲ್ ಟ್ಯಾಂಕುಗಳನ್ನು ಪುಟ್ಟ ವೃತ್ತಗಳಾಗಿ ಗುರುತಿಸಿದರು. ವಿಮೆಯವರ ಆ ಜಿಪುಣ ಎಚ್ಚರ ಇಂದು ನಮಗೆ ದೊಡ್ಡ ಉಪಕಾರ. ಇದರ ಜೊತೆಗೆ ವೈಮಾನಿಕ ಚಿತ್ರಗಳು, ಭೂರಚನಾ ನಕ್ಷೆಗಳು, ಮತ್ತು ಯಾವ ವಿಳಾಸದಲ್ಲಿ ಯಾವ ವ್ಯಾಪಾರ ಇತ್ತು ಎಂದು ವರ್ಷವರ್ಷ ಪಟ್ಟಿ ಮಾಡಿದ ಊರಿನ ಡೈರೆಕ್ಟರಿಗಳು. 2021ರ ಆವೃತ್ತಿಯಲ್ಲಿ ಈ ನಾಲ್ಕನ್ನೂ, ಸಿಗುವುದಾದರೆ, ಕೊಳ್ಳುವ ಜಾಗಕ್ಕೆ ಮಾತ್ರವಲ್ಲದೆ ತಾಗಿಕೊಂಡಿರುವ ಜಾಗಗಳಿಗೂ ನೋಡಬೇಕು. ಜಾಗ ಮೊದಲು ಅಭಿವೃದ್ಧಿಗೊಂಡ ಕಾಲದವರೆಗೆ ಹಿಂದಕ್ಕೆ ಹೋಗಬೇಕು.

ಒಂದು ಸಾಧಾರಣ ಪ್ಲಾಜಾವನ್ನು ತೆಗೆದುಕೊಳ್ಳಿ. ಇವತ್ತು ಅಲ್ಲಿ ಉಗುರು ಸಿಂಗರಿಸುವ ಸಲೂನು, ತೆರಿಗೆ ಲೆಕ್ಕ ಮಾಡುವವರು, ಪಿಜ್ಜಾ ಅಂಗಡಿ. ಯಾವ ಸರ್ಕಾರಿ ಪಟ್ಟಿಯಲ್ಲೂ ಹೆಸರಿಲ್ಲ. ಡೈರೆಕ್ಟರಿಯಲ್ಲಿ ಮಾತ್ರ ಮೂರನೇ ಅಂಗಡಿಯ ಎದುರು 1960ರ ದಶಕದಿಂದ 80ರ ದಶಕದ ಆರಂಭದವರೆಗೆ "ಕ್ಲೀನರ್ಸ್" ಎಂದಿದೆ. ಅಷ್ಟು ಸಾಕು, ನಮ್ಮ ಹುಬ್ಬು ಮೇಲೇರುತ್ತದೆ. ಆ ಅಂಗಡಿಯ ಒಳಗೆ ಹೋದರೆ ಹಿಂಬದಿಯ ಕೋಣೆಯಲ್ಲಿ, ಈಗ ಸಾಮಾನು ಪೆಟ್ಟಿಗೆಗಳನ್ನು ಪೇರಿಸಿಟ್ಟ ಕಡೆ, ಕಾಂಕ್ರೀಟ್ ನೆಲದಲ್ಲಿ ಚೌಕಾಕಾರದ ಒಂದು ತೇಪೆ ಕಾಣುತ್ತದೆ. ಸುತ್ತಲಿನ ನೆಲಕ್ಕಿಂತ ಬಣ್ಣ ಬೇರೆ, ನಾಲ್ಕು ಮೂಲೆಗಳಲ್ಲಿ ಬೋಲ್ಟು ಕತ್ತರಿಸಿದ ಗುರುತು. ಭಾರವಾದ ಯಂತ್ರವೊಂದು ಅಲ್ಲಿ ಕೂತಿತ್ತು. ಎರಡು ಹೆಜ್ಜೆ ಆಚೆ ನೆಲದ ಚರಂಡಿ ಬಾಯಿ.

ಡ್ರೈಕ್ಲೀನಿಂಗ್‌ನಲ್ಲಿ ಬಳಸುತ್ತಿದ್ದ ಪರ್ಕ್ಲೋರೋಎಥಿಲೀನ್ ನೀರಿಗಿಂತ ಸುಮಾರು 1.6 ಪಟ್ಟು ಭಾರ. ನೀರಿನ ಮೇಲೆ ತೇಲುವ ಪೆಟ್ರೋಲಿನ ಸ್ವಭಾವ ಇದರದ್ದಲ್ಲ. ಇದು ಅಂತರ್ಜಲವನ್ನೂ ದಾಟಿ ಕೆಳಗಿಳಿಯುತ್ತದೆ, ಬಿಗಿಯಾದ ಜೇಡಿಪದರ ಸಿಕ್ಕುವವರೆಗೆ. ಅಲ್ಲಿ ಕೂತು ದಶಕಗಟ್ಟಲೆ ಸ್ವಲ್ಪಸ್ವಲ್ಪವಾಗಿ ನೀರಿಗೆ ಕರಗುತ್ತದೆ. ಯಂತ್ರದಿಂದ ಬೇರ್ಪಟ್ಟ ನೀರನ್ನು ಚರಂಡಿಗೆ ಬಿಡುತ್ತಿದ್ದರು, ಕೊಳವೆಯ ಕೀಲುಗಳಿಂದ ಅದು ಮಣ್ಣಿಗೆ ಇಳಿಯುತ್ತಿತ್ತು. ಕುಡಿಯುವ ನೀರಿನಲ್ಲಿ ಇದರ ಒಕ್ಕೂಟದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಆದ್ದರಿಂದ ತುಸುವೇ ಸೋರಿದರೂ ಬಹಳ ನೀರು ಕೆಡುತ್ತದೆ. ಇನ್ನೊಂದು ಕಷ್ಟವೆಂದರೆ ಇದರ ಆವಿ ಮಣ್ಣಿನೊಳಗಿಂದ ಮೇಲೇರಿ, ನೆಲದ ಬಿರುಕುಗಳಿಂದ ಕಟ್ಟಡದ ಗಾಳಿಗೆ ಸೇರಬಲ್ಲದು. ಹಾಗಾಗಿ ಕೆಡುವುದು ಮೂರನೇ ಅಂಗಡಿಯೊಂದೇ ಅಲ್ಲ. ಸಲೂನಿನಲ್ಲಿ ದಿನವಿಡೀ ಕೂರುವವರೂ ಆ ಗಾಳಿಯನ್ನೇ ಉಸಿರಾಡುತ್ತಿರಬಹುದು.

ಗ್ಯಾಸ್ ಸ್ಟೇಷನ್ ಇದ್ದ ಜಾಗದ ಕುರುಹುಗಳು ಬೇರೆ. ಗೋಡೆಗೆ ಅಂಟಿ ಮಾಡಿನವರೆಗೆ ಏರಿ ನಿಂತ ಕಬ್ಬಿಣದ ಸಣ್ಣ ಕೊಳವೆ, ಯಾವುದಕ್ಕೂ ಸೇರದಂತೆ. ಅದು ಟ್ಯಾಂಕಿನ ಉಸಿರು ಕೊಳವೆ. ಡಾಂಬರಿನಲ್ಲಿ ಅಂಗೈಯಗಲದ ಲೋಹದ ಮುಚ್ಚಳ, ಕೆಳಗೆ ತುಂಬುವ ಬಾಯಿ ಅಥವಾ ಅಂತರ್ಜಲ ಪರೀಕ್ಷಾ ಬಾವಿ. ಹೆದ್ದಾರಿ ಪಕ್ಕದ ಹಳೆಯ ಮೋಟೆಲ್ಲುಗಳಲ್ಲಿ ನಾನು ಮೊದಲು ನೋಡುವುದು ಬಾಯ್ಲರ್ ಕೋಣೆಯ ಹೊರಗೋಡೆಯನ್ನು. ಹಿಂದೆ ತೈಲದಿಂದ ಬಿಸಿ ಮಾಡುತ್ತಿದ್ದರೆ ಟ್ಯಾಂಕು ಎಲ್ಲೋ ಹತ್ತಿರದಲ್ಲೇ ಹೂತಿರುತ್ತದೆ.

ಇದೆಲ್ಲ ಸೇರಿ ವರದಿಯಲ್ಲಿ "ರೆಕ್" (REC, ಗುರುತಿಸಲಾದ ಪರಿಸರ ಸ್ಥಿತಿ) ಎಂಬ ಮೂರಕ್ಷರದ ತೀರ್ಮಾನವಾಗುತ್ತದೆ. ಅಪಾಯಕಾರಿ ವಸ್ತು ಸೋರಿ ಅಥವಾ ಸುರಿದು ಮಾಲಿನ್ಯ ಆಗಿದೆ, ಇರುವ ಸಂಭವವಿದೆ, ಇಲ್ಲವೇ ಮುಂದೆ ಆಗುವ ಗಟ್ಟಿ ಅಪಾಯವಿದೆ, ಈ ಮೂರರಲ್ಲಿ ಯಾವುದಾದರೂ ಇದ್ದರೆ ಅದು ರೆಕ್. ಹಿಂದೆ ಶುದ್ಧೀಕರಿಸಿದ್ದೂ ನಿರ್ಬಂಧ ಉಳಿದಿದ್ದರೆ ಕ್ರೆಕ್. ಉದಾಹರಣೆಗೆ, ಬಾವಿ ತೋಡಬಾರದು, ವಾಸಕ್ಕೆ ಬಳಸಬಾರದು, ಕಾಂಕ್ರೀಟ್ ಹೊದಿಕೆ ತೆಗೆಯಬಾರದು ಎಂಬಂಥ ಷರತ್ತು. ಯಾವ ನಿರ್ಬಂಧವೂ ಇಲ್ಲದಷ್ಟು ಸ್ವಚ್ಛವಾಗಿದ್ದರೆ ಎಚ್‌ರೆಕ್. ಇಲ್ಲೊಂದು ಸೂಕ್ಷ್ಮ. 1995ರಲ್ಲಿ ರಾಜ್ಯ ಸರ್ಕಾರ "ಇನ್ನೇನೂ ಮಾಡಬೇಕಿಲ್ಲ" ಎಂದು ಪತ್ರ ಕೊಟ್ಟಿದ್ದರೂ, ಅಂದಿನ ಮಿತಿ ಇಂದಿನ ಮಿತಿಗೆ ಹೊಂದುತ್ತದೆಯೇ ಎಂದು ವೃತ್ತಿಪರ ಮತ್ತೆ ನೋಡಬೇಕು. ಆ ಕಾಲದಲ್ಲಿ ಆವಿಯ ಬಗ್ಗೆ ಹೆಚ್ಚು ಮಂದಿ ತಲೆಕೆಡಿಸಿಕೊಂಡಿರಲಿಲ್ಲ. ಮಾರುವವರು ಹೆಮ್ಮೆಯಿಂದ ತೋರಿಸುವ ಆ ಹಳೆಯ ಪತ್ರವನ್ನು ಇವತ್ತಿನ ಕಣ್ಣಿನಿಂದ ಓದಬೇಕು.

ರೆಕ್ ಬಂತೆಂದು ವ್ಯವಹಾರ ಮುರಿಯಬೇಕಿಲ್ಲ. ಮುಂದಿನದು ಫೇಸ್ ಟೂ: ಈಗ ನೆಲ ಕೊರೆದು ಮಣ್ಣು, ನೀರು, ನೆಲದಡಿಯ ಗಾಳಿಯ ಮಾದರಿ ತೆಗೆಯುತ್ತಾರೆ. ಮಾರುವವರು ಇದಕ್ಕೆ ಒಪ್ಪದಿರುವುದುಂಟು, ಏಕೆಂದರೆ ಫಲಿತಾಂಶ ಬಂದ ಮೇಲೆ ಕೆಲವು ರಾಜ್ಯಗಳಲ್ಲಿ ಸರ್ಕಾರಕ್ಕೆ ತಿಳಿಸುವ ಹೊಣೆ ಹುಟ್ಟುತ್ತದೆ. ಆದ್ದರಿಂದ ಖರೀದಿ ಕರಾರಿನಲ್ಲೇ, ಸಹಿ ಹಾಕುವ ಮೊದಲೇ, ಮಾದರಿ ತೆಗೆಯುವ ಹಕ್ಕನ್ನೂ ಅದಕ್ಕೆ ಬೇಕಾದ ದಿನಗಳನ್ನೂ ಬರೆಸಿಕೊಳ್ಳಿ. ಕರಾರಿನ ಪರಿಶೀಲನಾ ಅವಧಿ 30 ದಿನ ಇದ್ದು, ಫೇಸ್ ಒನ್ ಕೈಗೆ ಬರುವಷ್ಟರಲ್ಲಿ 25 ದಿನ ಕಳೆದಿದ್ದರೆ ಫೇಸ್ ಟೂ ಕನಸಿನ ಮಾತು.

ಫೇಸ್ ಒನ್ ಏನನ್ನು ನೋಡುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕಲ್ನಾರು, ಸೀಸದ ಬಣ್ಣ, ರೇಡಾನ್, ಬೂಷ್ಟು, ಜೌಗುಭೂಮಿ ಇವೆಲ್ಲ ಅದರ ವ್ಯಾಪ್ತಿಯ ಹೊರಗೆ. ಬೇಕಿದ್ದರೆ ಬೇರೆಯಾಗಿ ಕೇಳಬೇಕು. ಪಿಎಫ್‌ಎಎಸ್ ಎಂಬ, ಬೇಗ ಒಡೆದುಹೋಗದ ರಾಸಾಯನಿಕಗಳ ಬಗ್ಗೆ ಪರಿಸ್ಥಿತಿ ಬದಲಾಗಿದೆ. ಅವುಗಳಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್ ಎಂಬ ಎರಡನ್ನು 2024ರ ಜುಲೈ 8ರಿಂದ ಸೂಪರ್‌ಫಂಡ್ ಕಾಯಿದೆಯಡಿ ಅಪಾಯಕಾರಿ ವಸ್ತುಗಳೆಂದು ಘೋಷಿಸಿರುವುದರಿಂದ ಅವೆರಡು ಈಗ ಫೇಸ್ ಒನ್ ವ್ಯಾಪ್ತಿಯ ಒಳಗೇ ಬಂದಿವೆ. ಲೋಹಲೇಪನ ಘಟಕ, ಅಗ್ನಿಶಾಮಕ ನೊರೆ ಬಳಸಿದ ತಾಣ ಹತ್ತಿರವಿದ್ದರೆ ವರದಿಯಲ್ಲಿ ಅದರ ಬಗ್ಗೆ ಮಾತೇ ಇಲ್ಲವೆಂದರೆ ಪ್ರಶ್ನಿಸಿ.

ಕೊಂಡಾದ ಮೇಲೂ ಹೊಣೆ ಮುಗಿಯುವುದಿಲ್ಲ, ಇದನ್ನು ಮರೆತವರಿಗೆ ಆಶ್ಲಿ ಟೂ ಪ್ರಕರಣ ಗೊತ್ತಿರಬೇಕು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹಳೆಯ ಗೊಬ್ಬರ ಕಾರ್ಖಾನೆಯಿದ್ದ, ಸೀಸ ಮತ್ತು ಆರ್ಸೆನಿಕ್ ಸೇರಿದ್ದ ಜಾಗವನ್ನು ಕೊಂಡ ಕಂಪನಿ ಅದು. ಇಂಥ ಜಾಗಗಳನ್ನು ಕೊಂಡು ಅಭಿವೃದ್ಧಿಪಡಿಸುವ ಅನುಭವ ಇದ್ದವರು. ವಿಚಾರಣೆಯನ್ನು ಸರಿಯಾಗಿಯೇ ಮಾಡಿಸಿದ್ದರು, ಕೆಳಗಿನ ನ್ಯಾಯಾಲಯವೂ ಅದನ್ನು ಒಪ್ಪಿತು. ಎಡವಿದ್ದು ನಂತರ. ಕಟ್ಟಡ ಕೆಡವಿದ ಮೇಲೆ ಹಳೆಯ ತೊಟ್ಟಿಗುಂಡಿಗಳನ್ನು ತೊಳೆದು ಮುಚ್ಚಿಸದೆ ಬಿಟ್ಟರು. ತಕ್ಕ ಎಚ್ಚರಿಕೆ ವಹಿಸಲಿಲ್ಲ ಎಂದು ನಾಲ್ಕನೇ ಸರ್ಕ್ಯೂಟ್ ನ್ಯಾಯಾಲಯ 2013ರಲ್ಲಿ ಪ್ರಾಮಾಣಿಕ ಖರೀದಿದಾರನ ರಕ್ಷಣೆಯನ್ನು ನಿರಾಕರಿಸಿತು. ವೆಚ್ಚದಲ್ಲಿ ಅವರ ಪಾಲು ಶೇ 5 ಆಯಿತು. ಫೇಸ್ ಒನ್ ವರದಿಯನ್ನು ಬ್ಯಾಂಕಿನ ಕಡತದಲ್ಲಿ ಮಲಗಿಸಿ ಮರೆಯುವವರಿಗೆ ಹೇಳುತ್ತೇನೆ, ಅದರ ಪತ್ತೆಗಳೇ ನಿಮ್ಮ ಮುಂದಿನ ಕೆಲಸಗಳ ಪಟ್ಟಿ. ಸೋರುವುದನ್ನು ನಿಲ್ಲಿಸಬೇಕು, ಹೊದಿಕೆ ಮತ್ತು ನಿರ್ಬಂಧಗಳನ್ನು ಕಾಪಾಡಬೇಕು, ಅಧಿಕಾರಿಗಳಿಗೆ ಒಳಬರಲು ಬಿಡಬೇಕು.

ರಾಜ್ಯಗಳ ಕಾನೂನು ಇನ್ನೊಂದು ಸಾಗರ, ಅದರಲ್ಲಿ ಈಗ ಇಳಿಯುವುದಿಲ್ಲ. ಎರಡು ಮಾತು ಮಾತ್ರ. ಸೂಪರ್‌ಫಂಡ್ ಕಾಯಿದೆ ಪೆಟ್ರೋಲಿಯಂ ಅನ್ನು ಹೊರಗಿಟ್ಟಿದೆ, ಆದ್ದರಿಂದ ಗ್ಯಾಸ್ ಸ್ಟೇಷನ್ ಕೊಳ್ಳುವವರ ನಿಜವಾದ ಹೊಣೆ ಹುಟ್ಟುವುದು ಟ್ಯಾಂಕು ನಿಯಮಗಳಿಂದ ಮತ್ತು ರಾಜ್ಯದ ಕಾನೂನಿನಿಂದ. ಫೇಸ್ ಒನ್ ಪೆಟ್ರೋಲಿಯಂ ಅನ್ನೂ ನೋಡುತ್ತದೆ, ಆದರೆ ಎಎಐ ಕವಚ ಅಲ್ಲಿ ತಾನಾಗಿ ಕೆಲಸ ಮಾಡುವುದಿಲ್ಲ. ಎರಡನೆಯದು, ನ್ಯೂಜೆರ್ಸಿಯಲ್ಲಿ ಕೊಳ್ಳುವವರು ಆ ರಾಜ್ಯದ ರಕ್ಷಣೆಗೆ ಅಲ್ಲಿಯ ನಿಯಮದ ಪ್ರಾಥಮಿಕ ಪರಿಶೀಲನೆಯನ್ನೇ ಮಾಡಿಸಬೇಕು. ಎಎಸ್‌ಟಿಎಂ ವರದಿಯೊಂದನ್ನೇ ಹಿಡಿದು ಕೂರಬಾರದು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮಾರುವವರು ತಮ್ಮ ಬಳಿ ಎಂಟು ತಿಂಗಳ ಹಿಂದಿನ ಫೇಸ್ ಒನ್ ಇದೆ, ಅದನ್ನೇ ಬಳಸಿ ಎನ್ನುತ್ತಾರೆ, ಬಳಸಬಹುದೇ ಎಂದು ಒಬ್ಬರು ಕೇಳಿದರು. ಒಂದು ವರ್ಷದೊಳಗಿನದಾದ್ದರಿಂದ ಆಧಾರವಾಗಿ ಬಳಸಬಹುದು. ಆದರೆ ಐದು ಅಂಗಗಳನ್ನು ನವೀಕರಿಸಬೇಕು, ನಿಮ್ಮ ಪ್ರಶ್ನಾವಳಿಯನ್ನು ನೀವೇ ತುಂಬಬೇಕು, ವರದಿ ಬರೆದ ಸಂಸ್ಥೆ ನಿಮ್ಮ ಹೆಸರಿಗೆ ಅವಲಂಬನಾ ಪತ್ರ (ನೀವೂ ಆ ವರದಿಯನ್ನು ನೆಚ್ಚಬಹುದು ಎಂಬ ಪತ್ರ) ಕೊಡಬೇಕು. ಇಷ್ಟಕ್ಕೆ ಆಗುವ ಖರ್ಚನ್ನೂ ಹೊಸ ವರದಿಯ ಖರ್ಚನ್ನೂ ಹೋಲಿಸಿ ನೋಡಿ. ಬಹಳಷ್ಟು ಸಲ ವ್ಯತ್ಯಾಸ ಅಲ್ಪ, ಹೊಸದೇ ಲೇಸು.

ಇನ್ನೊಬ್ಬರದು ಗುತ್ತಿಗೆಯ ಪ್ರಶ್ನೆ: "ನಾನು ಕೊಳ್ಳುತ್ತಿಲ್ಲ, ಹದಿನೈದು ವರ್ಷಕ್ಕೆ ಲೀಸಿಗೆ ಪಡೆಯುತ್ತಿದ್ದೇನೆ, ನನಗೂ ಇದು ಬೇಕೇ?" 2018ರ ಬಿಲ್ಡ್ ಕಾಯಿದೆ ಬಾಡಿಗೆದಾರರಿಗೂ ಪ್ರಾಮಾಣಿಕ ಖರೀದಿದಾರನ ರಕ್ಷಣೆಯನ್ನು ವಿಸ್ತರಿಸಿದೆ. ಮಾಲೀಕ ತಾನೇ ಆ ರಕ್ಷಣೆ ಪಡೆದಿದ್ದರೆ ಅದರ ನೆರಳು ನಿಮಗೂ ಸಿಗಬಹುದು, ಆದರೆ ಅವನ ಕಾಗದಪತ್ರಗಳು ಸರಿಯಿವೆಯೇ ಎಂಬುದು ನಿಮ್ಮ ಕೈಯಲ್ಲಿಲ್ಲ. ಲೀಸಿಗೆ ಸಹಿ ಹಾಕುವ ಮುನ್ನ ನಿಮ್ಮ ಹೆಸರಿನಲ್ಲೇ ಎಎಐ ಮಾಡಿಸಿದರೆ ಅವನನ್ನು ನೆಚ್ಚಬೇಕಿಲ್ಲ. ಡ್ರೈಕ್ಲೀನಿಂಗ್ ಅಂಗಡಿ ಅಥವಾ ವಾಹನ ದುರಸ್ತಿಯ ಗ್ಯಾರೇಜು ನಡೆಸಲೆಂದೇ ಲೀಸ್ ಪಡೆಯುವವರಿಗೆ ನಾನು ಇನ್ನೂ ಒಂದನ್ನು ಹೇಳುತ್ತೇನೆ. ವ್ಯಾಪಾರ ಶುರುಮಾಡುವ ಮೊದಲು ನೆಲದ ಮಾದರಿಗಳನ್ನು ತೆಗೆಸಿ, ಫಲಿತಾಂಶವನ್ನು ಮಾಲೀಕನೊಡನೆ ಬರಹದಲ್ಲಿ ಒಪ್ಪಿಕೊಂಡು ಲೀಸಿಗೆ ಲಗತ್ತಿಸಿ. ಲೀಸ್ ಮುಗಿಯುವ ದಿನ ಮತ್ತೆ ಅದೇ ಜಾಗಗಳಲ್ಲಿ ಕೊರೆದರೆ, ನಿಮ್ಮ ಕಾಲದಲ್ಲಿ ಸೇರಿದ್ದೆಷ್ಟು, ಮೊದಲೇ ಇದ್ದದ್ದೆಷ್ಟು ಎಂದು ತೋರಿಸಲು ಆ ಹಾಳೆಗಳೇ ಆಧಾರ.